ಬುದ್ಧಗಯೆಯನ್ನು ಹಾಡಿದ ಡೇಸಿ

ಸಿಂಹಳ ಬೌದ್ಧರು ತಲೆಮಾರುಗಳಿಂದ ಕೇಳಿಕೊಂಡು ಬಂದ ಒಂದು ಭಕ್ತಿಗೀತೆ ಇದೆ. ‘ಸಿರಿ ಬುದ್ಧಗಯಾ ವಿಹಾರೆ’ ಎಂದು ಅದರ ಹೆಸರು. ಸಿದ್ಧಾರ್ಥ ಬುದ್ಧನಾದ ಬುದ್ಧಗಯೆಯ ವಿಹಾರದ ಮೇಲಿನ ಹಾಡು ಅದು, 1938ರ ಸುಮಾರಿಗೆ ಗ್ರಾಮಫೋನ್ ತಟ್ಟೆಯಾಗಿ ಹೊರಬಂತು. ಎಚ್. ಡಬ್ಲ್ಯು. ರೂಪಸಿಂಘೆ ಎಂಬ ಸಂಗೀತ ಮಾಸ್ತರರ ಜೊತೆಗೆ ಅದನ್ನು ಹಾಡಿದ್ದು ಹದಿನೈದು-ಹದಿನಾರರ ಒಬ್ಬ ಹುಡುಗಿ. ಲಂಕೆಯ ಜನ ಅವಳನ್ನು ರುಕ್ಮಣಿ ದೇವಿ ಎಂದು ಬಲ್ಲರು. ತಂದೆತಾಯಿ ಇಟ್ಟ ಹೆಸರು ಡೇಸಿ ರಾಸಮ್ಮ ಡೇನಿಯಲ್ಸ್. ಮೂಲ ತಮಿಳು, ಧರ್ಮ ಕ್ರೈಸ್ತ.

ಹಾಡುವಾಗ ಆ ಹುಡುಗಿಯ ಮನಸ್ಸಿನಲ್ಲಿ ಬುದ್ಧ ಇದ್ದನೇ? ಇಲ್ಲದಿದ್ದರೆ, ಆ ಹಾಡು ಕೇಳಿ ಕೈಮುಗಿದವರ ಭಕ್ತಿ ಯಾವುದರ ಮೇಲೆ ನಿಂತಿದೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಹುಬ್ಬಳ್ಳಿಯವಳು. ಅಪ್ಪ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಸಭಾಪಾಲಕರಾಗಿದ್ದವರು. ಚರ್ಚಿನ ಹಾರ್ಮೋನಿಯಂ ಪಕ್ಕ ನಿಂತು ಗಂಟಲು ತಿದ್ದಿಕೊಂಡ ನಾನು, ಮುಂದೆ ಆರ್ಕೆಸ್ಟ್ರಾ ಸೇರಿ ಚೌತಿಯ ಪೆಂಡಾಲು, ಊರ ಜಾತ್ರೆ, ದಸರೆಯ ನವರಾತ್ರಿ ಎನ್ನದೆ ಹಾಡಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಎಲ್ಲಮ್ಮನ ಪದಕ್ಕೂ ಕೋರಸ್, ದಾಸರ ಪದಕ್ಕೂ ಕೋರಸ್, ಶರೀಫರ ತತ್ವಪದಕ್ಕೂ ಕೋರಸ್. ಒಂದು ಚೌತಿಯಲ್ಲಿ ಹಾಡು ಮುಗಿಸಿ ವೇದಿಕೆ ಇಳಿದಾಗ ಹಿರಿಯರೊಬ್ಬರು ಬಂದು, “ಭಾಳ ಚಲೋ ಹಾಡಿದಿ ತಂಗಿ, ಕಣ್ಣಾಗ ನೀರು ಬಂತು,” ಅಂದರು. ಹಾಗೇ ಮುಂದುವರಿದು, “ಆದರ ನೀವು ಮನ್ಯಾಗ ಗಣಪ್ಪನ್ನ ಇಡಂಗಿಲ್ಲಲ್ಲ?” ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅದು. ತಮ್ಮ ಕಣ್ಣೀರಿಗೆ ರಸೀದಿ ಕೇಳಿದ ಹಾಗಿತ್ತು, ಅಷ್ಟೆ. ಅತ್ತ ಚರ್ಚಿನ ಸಭೆಯಲ್ಲಿ ಬೇರೆ ಮಾತು: “ಅಯ್ನೋರ ಮಗಳು ಮೂರ್ತಿ ಮುಂದ ನಿಂತು ಹಾಡತಾಳಂತ.” ಒಂದು ಕಡೆ ಭಕ್ತಿ ಇಲ್ಲ ಎಂದು ಅನುಮಾನ, ಇನ್ನೊಂದು ಕಡೆ ಇದೆ ಎಂದು ಅನುಮಾನ. ನಡುವೆ ನನಗೆ ಶೀತವಾಗದಂತೆ ನೋಡಿಕೊಳ್ಳುವುದೇ ದೊಡ್ಡ ಚಿಂತೆಯಾಗಿತ್ತು.

ಹಾಗಾಗಿ ರುಕ್ಮಣಿ ದೇವಿಯ ಕಥೆ ಕೈಗೆ ಸಿಕ್ಕಾಗ ಬಿಡಲಾಗಲಿಲ್ಲ.

1923ರ ಜನವರಿ 15ರಂದು ನುವರ ಎಲಿಯ ಸೀಮೆಯ ರಂಬೊಡದಲ್ಲಿ ಆಕೆ ಹುಟ್ಟಿದ್ದು. ಚಹಾ ತೋಟಗಳ ಬೆಟ್ಟ ಪ್ರದೇಶ. ಅದೇ ಸೀಮೆಯಲ್ಲಿ ಸೀತಾ ಎಲಿಯ ಎಂಬ ಜಾಗವಿದೆ. ರಾವಣ ಸೀತೆಯನ್ನು ಇರಿಸಿದ್ದ ಅಶೋಕವನ ಅದೇ ಎಂದು ನಂಬುವವರಿಗಾಗಿ ಅಲ್ಲಿ ಸೀತಮ್ಮನ ಗುಡಿ ಇದೆ. ತಂದೆ ಜಾನ್ ಡೇನಿಯಲ್ಸ್. ತಾಯಿ ಹೆಲೆನ್ ರೋಸ್, ಶಿಕ್ಷಕಿ. ಓದು ಕೊಲಂಬೊದ ವೆಳ್ಳವತ್ತೆಯ ಸೇಂಟ್ ಕ್ಲೇರ್ಸ್ ಶಾಲೆಯಲ್ಲಿ. ಮೊದಲು ಬಣ್ಣ ಹಚ್ಚಿದ್ದು ಕ್ರಿಸ್‌ಮಸ್ ನಾಟಕಕ್ಕೆ. ಆಮೇಲೆ, ಹನ್ನೆರಡರ ಆಸುಪಾಸಿನಲ್ಲಿ, ವಾಲ್ಟರ್ ಅಬೇವಿಕ್ರಮರ ‘ರಾಮಾಯಣಯ’ ನಾಟಕದ ಸೀತೆ. ಅದಾದ ಕೆಲವೇ ವರ್ಷಗಳಲ್ಲಿ ಬುದ್ಧಗಯೆಯ ಹಾಡು. ಹದಿಹರೆಯ ಮುಗಿಯುವ ಮೊದಲೇ ಮೂರು ಧರ್ಮಗಳ ಕೆಲಸ ಮಾಡಿ ಮುಗಿಸಿದ್ದಳು ಹುಡುಗಿ.

ಇದು ಆಕೆಯೊಬ್ಬಳ ಸಾಹಸವಲ್ಲ. ಆಗಿನ ಕೊಲಂಬೊದ ರಂಗಭೂಮಿಯೇ ಹಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಪಾರ್ಸಿ ಕಂಪನಿಗಳು ಹಡಗು ಹತ್ತಿ ಅಲ್ಲಿಗೆ ಹೋದವು. ಅವುಗಳ ಪರದೆ, ಹಾರ್ಮೋನಿಯಂ, ಹಿಂದೂಸ್ತಾನಿ ಧಾಟಿ ನೋಡಿ ಸಿಂಹಳದಲ್ಲಿ ‘ನೂರ್ತಿ’ ಎಂಬ ನಾಟಕಪ್ರಕಾರ ಹುಟ್ಟಿತು. ಜಾನ್ ಡಿ ಸಿಲ್ವ ತಮ್ಮ ನಾಟಕಗಳಿಗೆ ರಾಗ ಹಾಕಿಸಲು ಭಾರತದಿಂದ ವಿಶ್ವನಾಥ ಲಾವಜಿ ಎಂಬ ಸಂಗೀತಗಾರನನ್ನು ಕರೆಸಿಕೊಂಡರು. ಆ ನಾಟಕಗಳ ಮಠವೆಂದರೆ ಕೊಲಂಬೊದ ಮರದಾನದಲ್ಲಿ 1911ರಲ್ಲಿ ತೆರೆದ ಟವರ್ ಹಾಲ್. ಸಿಂಹಳ ರಾಜರ ಕಥೆ, ಬೌದ್ಧ ಜಾತಕದ ಕಥೆ, ಅದಕ್ಕೆ ಉತ್ತರ ಭಾರತದ ರಾಗ, ಮಲಯರು, ಕ್ರೈಸ್ತರು, ತಮಿಳರು, ಸಿಂಹಳರು ಎಲ್ಲ ಬೆರೆತ ಮೇಳ. ನಮ್ಮ ಕಂಪನಿ ನಾಟಕಗಳ ಕಾಲ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾರ್ಸಿ ಕಂಪನಿಯ ಗಾಳಿ ಧಾರವಾಡಕ್ಕೂ ಗುಬ್ಬಿಗೂ ಬೀಸಿತ್ತಲ್ಲ.

ರುಕ್ಮಣಿ ದೇವಿಯ ನೆಲೆ ಮುಂದೆ ಮಿನರ್ವ ನಾಟಕ ಮಂಡಳಿಯಾಯಿತು. ಬಿ. ಎ. ಡಬ್ಲ್ಯು. ಜಯಮಾನ್ನೆ ಅದರ ನಾಟಕಕಾರ. ಅವರ ತಮ್ಮ ಎಡ್ಡಿ ಹಾಸ್ಯನಟ. ಎಡ್ಡಿಯನ್ನೇ ಆಕೆ ಮದುವೆಯಾದರು. ಮಂಡಳಿಯ ‘ಕಡವುಣು ಪೊರೊಂದುವ’ ಎಂಬ ನಾಟಕವೇ ಸಿಂಹಳದ ಮೊದಲ ವಾಕ್ಚಿತ್ರವಾಗಿ 1947ರ ಜನವರಿ 21ರಂದು ಕೊಲಂಬೊದಲ್ಲಿ ತೆರೆಕಂಡಿತು. ಕಥೆ ಸಿಂಹಳದ್ದು, ಹಣ ಹಾಕಿದವರು ಮಧುರೆಯ ಎಸ್. ಎಂ. ನಾಯಗಂ, ಚಿತ್ರೀಕರಣವೂ ಮಧುರೆಯ ಸ್ಟುಡಿಯೋದಲ್ಲೇ, ನಿರ್ದೇಶಕ ಬಂಗಾಳದ ಜ್ಯೋತಿಷ್ ಸಿಂಗ್, ಸಂಗೀತ ನಾರಾಯಣ ಅಯ್ಯರ್. ನಾಯಕಿ ಮತ್ತು ಗಾಯಕಿ ರುಕ್ಮಣಿ ದೇವಿ. ಕನ್ನಡಿಗರು ನಗುವ ಮೊದಲು ನೆನಪಿಡಬೇಕು: ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಕೊಲ್ಲಾಪುರದಲ್ಲಿ ತಯಾರಾದದ್ದು, ಅದರ ಕಥೆ ಲಂಕೆಯ ಇಂದ್ರಜಿತುವಿನ ಹೆಂಡತಿಯದು.

ಈಗ ಮುಳ್ಳಿನ ಮಾತಿಗೆ ಬರುತ್ತೇನೆ. ಒಬ್ಬ ನಟಿ ಬುದ್ಧನನ್ನು ಹಾಡುವುದರ ಬಗ್ಗೆ ಬುದ್ಧನೇ ಏನನ್ನುತ್ತಾನೆ?

ಪಾಲಿಯ ಸಂಯುತ್ತ ನಿಕಾಯದಲ್ಲಿ ತಾಲಪುಟ ಎಂಬ ನಟರ ಮುಖಂಡನ ಪ್ರಸಂಗವಿದೆ. ರಾಜಗೃಹದಲ್ಲಿ ಆತ ಬುದ್ಧನ ಬಳಿ ಬಂದು ಕೇಳುತ್ತಾನೆ: ನಮ್ಮ ಕಸುಬಿನ ಹಿಂದಿನ ಗುರುಗಳು ಹೇಳುತ್ತಿದ್ದರು, ರಂಗದ ಮೇಲೆ ನಿಜ ಸುಳ್ಳು ಬೆರೆಸಿ ಜನರನ್ನು ನಗಿಸುವ ನಟ ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾನೆಂದು, ನಿಜವೇ? ಬುದ್ಧ, ಅದನ್ನು ಬಿಡು, ಕೇಳಬೇಡ ಅನ್ನುತ್ತಾನೆ. ತಾಲಪುಟ ಮತ್ತೆ ಕೇಳುತ್ತಾನೆ. ಮತ್ತೆ ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ಬುದ್ಧ ಬಾಯಿ ಬಿಡುತ್ತಾನೆ. ಜನ ಮೊದಲೇ ರಾಗ, ದ್ವೇಷ, ಮೋಹಗಳಲ್ಲಿ ಸಿಕ್ಕಿಬಿದ್ದವರು. ನಟ ಅವರೆದುರು ಅದನ್ನೇ ಇನ್ನಷ್ಟು ಹರಡುತ್ತಾನೆ, ತಾನೂ ಮತ್ತನಾಗುತ್ತಾನೆ, ಅವರನ್ನೂ ಮಾಡುತ್ತಾನೆ. ಹೋಗುವುದು ಸ್ವರ್ಗಕ್ಕಲ್ಲ, ನಗುವಿನ ಹೆಸರಿನದೇ ಒಂದು ನರಕಕ್ಕೆ. ತಾಲಪುಟ ಅಳುತ್ತಾನೆ. ನೀವು ಹೇಳಿದ್ದಕ್ಕೆ ಅಳುವುದಲ್ಲ, ಇಷ್ಟು ಕಾಲ ನನ್ನ ಗುರುಗಳು ನನಗೆ ಮೋಸ ಮಾಡಿದರಲ್ಲ ಎಂದು ಅಳುತ್ತೇನೆ ಅನ್ನುತ್ತಾನೆ. ಆಮೇಲೆ ಸಂಘ ಸೇರಿ ಅರಹಂತನಾಗುತ್ತಾನೆ, ಅಂದರೆ ಮುಕ್ತನಾಗುತ್ತಾನೆ.

ಈ ಸುತ್ತವನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂತು. ಕಲಾವಿದರನ್ನು ಬೈಯುವುದು ಎಲ್ಲ ಧರ್ಮದವರಿಗೂ ಸುಲಭ ಎಂದುಕೊಂಡೆ. ಆದರೆ ಎರಡು ವಿಷಯ ತಡೆದವು. ಒಂದು, ಬುದ್ಧ ತಾನಾಗಿ ಈ ತೀರ್ಪು ಕೊಡುವುದಿಲ್ಲ. ಎರಡು ಸಲ ತಪ್ಪಿಸಿಕೊಳ್ಳುತ್ತಾನೆ. ಎದುರಿನವನಿಗೆ ನೋವಾಗುತ್ತದೆಂದು ಗೊತ್ತಿದ್ದವನ ನಡತೆ ಅದು. ಇನ್ನೊಂದು, ಹಿರಿಯ ಭಿಕ್ಷುಗಳ ಪದ್ಯಸಂಗ್ರಹವಾದ ಥೇರಗಾಥೆಯಲ್ಲಿ ಈ ತಾಲಪುಟನ ಹೆಸರಿನಲ್ಲಿ ಐವತ್ತಕ್ಕೂ ಹೆಚ್ಚು ಪದ್ಯಗಳಿವೆ. ಅಲ್ಲಿ ಆತ ತನ್ನ ಮನಸ್ಸನ್ನೇ ಎದುರು ನಿಲ್ಲಿಸಿಕೊಂಡು ಗದರುತ್ತಾನೆ, ಗೋಗರೆಯುತ್ತಾನೆ, ಕೆಣಕುತ್ತಾನೆ. ಇಡೀ ಸಂಗ್ರಹದಲ್ಲೇ ದೊಡ್ಡ ಕಾವ್ಯಗಳಲ್ಲಿ ಅದೊಂದು. ಎದುರು ಪಾತ್ರವಿಲ್ಲದೆ ಒಬ್ಬನೇ ಎರಡು ಪಾತ್ರ ಆಡುವುದು ನಟನಲ್ಲದೆ ಇನ್ಯಾರಿಗೆ ಬಂದೀತು? ನಟನೆ ಬಿಟ್ಟೆ ಎಂದವನ ಮೋಕ್ಷದ ದಾರಿಯೂ ನಟನೆಯ ಕೌಶಲದ ಮೇಲೇ ಹಾದುಹೋಯಿತು.

ಇಷ್ಟಲ್ಲದೆ ಅದೇ ಪಿಟಕದಲ್ಲಿ ಇನ್ನೊಂದು ಕಥೆಯೂ ಇದೆ. ದೀಘ ನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖನೆಂಬ ಗಂಧರ್ವ ಬಿಲ್ವದ ಮರದ ವೀಣೆ ಹಿಡಿದು ಬುದ್ಧನಿದ್ದ ಗುಹೆಯ ಬಳಿಗೆ ಬಂದು ಹಾಡುತ್ತಾನೆ. ಹಾಡುವುದೇನು? ತಾನು ಮನಸೋತ ಹೆಣ್ಣಿನ ಮೇಲಿನ ಪ್ರೇಮಗೀತೆ. ನಡುನಡುವೆ ಅರಹಂತರನ್ನೂ ಧರ್ಮವನ್ನೂ ಉಪಮೆಗೆ ಎಳೆದು ತರುತ್ತಾನೆ. ಭಜನೆಯೋ ಲಾವಣಿಯೋ ಹೇಳಲಾಗದ ಹಾಡು. ಬುದ್ಧ ಅವನನ್ನು ಗದರುವುದಿಲ್ಲ. ನಿನ್ನ ತಂತಿಯ ನಾದವೂ ಕಂಠದ ನಾದವೂ ಒಂದನ್ನೊಂದು ಮೀರದೆ ಬೆರೆತಿವೆ ಎಂದು ಮೆಚ್ಚುತ್ತಾನೆ. ಭಕ್ತಿ ಇದೆಯೇ ಎಂದು ಕೇಳಲಿಲ್ಲ, ಶ್ರುತಿ ಸೇರಿದೆಯೇ ಎಂದು ನೋಡಿದ. ಹಾಡುವವಳಾಗಿ ನನಗೆ ಇಡೀ ತ್ರಿಪಿಟಕದಲ್ಲಿ ಇದಕ್ಕಿಂತ ಹಿತವಾದ ಜಾಗ ಇಲ್ಲ.

ಭಿಕ್ಷುಗಳ ವಿಷಯ ಬೇರೆ. ಧರ್ಮವನ್ನು ರಾಗವೆಳೆದು ಹಾಡಿದರೆ ಐದು ದೋಷ ಎಂದು ಅಂಗುತ್ತರ ನಿಕಾಯ ಎಚ್ಚರಿಸುತ್ತದೆ: ತನಗೇ ತನ್ನ ದನಿಯ ಮೋಹ ಹತ್ತುತ್ತದೆ, ಕೇಳುವವರಿಗೂ ಹತ್ತುತ್ತದೆ, ಈ ಶಾಕ್ಯಪುತ್ರರೂ ನಮ್ಮಂತೆಯೇ ಹಾಡುತ್ತಾರಲ್ಲ ಎಂದು ಗೃಹಸ್ಥರು ಆಡಿಕೊಳ್ಳುತ್ತಾರೆ, ಸಮಾಧಿ ಕದಡುತ್ತದೆ, ಮುಂದಿನವರು ಅದನ್ನೇ ಹಿಡಿಯುತ್ತಾರೆ. ಗೃಹಸ್ಥರೂ ಹುಣ್ಣಿಮೆಯ ‘ಪೋಯ’ದಂದು ಬಿಳಿ ಬಟ್ಟೆ ಉಟ್ಟು ಎಂಟು ಶೀಲ ಹಿಡಿದರೆ, ಆ ದಿನ ನೃತ್ಯ, ಗೀತ, ವಾದ್ಯ ದೂರ. ಆದರೆ ವೈಶಾಖ ಹುಣ್ಣಿಮೆಯ ವೆಸಾಕ್‌ನಂದು ಲಂಕೆಯ ಬೀದಿಗಳನ್ನು ನೋಡಬೇಕು. ಕಾಗದದ ಗೂಡುದೀಪ, ಬಣ್ಣದ ಬಲ್ಬುಗಳಲ್ಲಿ ಜಾತಕ ಕಥೆ ಹೇಳುವ ‘ತೊರಣ’, ದಾರಿಹೋಕರಿಗೆ ಊಟ ಹಂಚುವ ‘ದನ್ಸಲ’, ಎಲ್ಲದರ ಮೇಲೆ ಮೈಕಿನಲ್ಲಿ ಭಕ್ತಿಗೀತೆ. ಗೀತ ಬಿಟ್ಟೆನೆಂದು ವಿಹಾರದಲ್ಲಿ ಕೂತ ಅಜ್ಜಿಯ ಕಿವಿಗೆ ಗೋಡೆ ದಾಟಿ ಬೀಳುವುದು ಒಬ್ಬ ಕ್ರೈಸ್ತಳ ದನಿ. ಅದು ಮುಗಿದರೆ ಮೊಹಿದೀನ್ ಬೇಗ್ ಅವರದು. ಆತ ತಮಿಳುನಾಡಿನ ಸೇಲಂನಿಂದ ಹೋದ ಮುಸ್ಲಿಂ. ವೆಸಾಕ್ ಹಾಡುಗಳೆಂದರೆ ಆತನ ಕಂಠ ಎನ್ನುವಷ್ಟು ಜನಪ್ರಿಯ. ಹಬ್ಬದ ಬುದ್ಧನನ್ನು ಲಂಕೆಗೆ ಕೇಳಿಸಿದ ಎರಡು ದೊಡ್ಡ ಕಂಠಗಳು ಬೌದ್ಧರವಲ್ಲ.

ಇಷ್ಟಾದರೂ ಅಲ್ಲಿನವರಿಗೆ ಇದು ವಿಚಿತ್ರ ಅನ್ನಿಸದಿರಲು ಒಂದು ಕಾರಣ ನನಗೆ ಹೊಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಿಷನರಿಗಳನ್ನು ಎದುರಿಸಲೆಂದು ಎದ್ದ ಬೌದ್ಧ ಪುನರುಜ್ಜೀವನ ತನ್ನ ಆಯುಧಗಳನ್ನು ಮಿಷನರಿಗಳಿಂದಲೇ ಎರವಲು ತಂದಿತು. ಭಾನುವಾರದ ಧರ್ಮಶಾಲೆ, 1898ರ ಯುವ ಬೌದ್ಧರ ಸಂಘ, ಕ್ರಿಸ್‌ಮಸ್ ಕ್ಯಾರಲ್‌ಗಳ ಹಾಗೆ ಬಿಳಿ ಬಟ್ಟೆಯ ಹುಡುಗಿಯರು ಹಾಡುವ ವೆಸಾಕ್ ಭಕ್ತಿಗೀತೆ. ಮಾನವಶಾಸ್ತ್ರಜ್ಞ ಗಣನಾಥ ಒಬೇಸೇಕರ ಇದನ್ನು ‘ಪ್ರೊಟೆಸ್ಟೆಂಟ್ ಬೌದ್ಧಧರ್ಮ’ ಎಂದು ಕರೆದರು. ಕ್ರಿಸ್‌ಮಸ್ ನಾಟಕದಲ್ಲಿ ಪಳಗಿದ ಹುಡುಗಿಗೆ ಬುದ್ಧಗಯೆಯ ಹಾಡು ಪರಕೀಯ ಅನ್ನಿಸಿರಲಾರದು. ಹಾಡುವ ಆ ರೀತಿಯೇ ಅವಳ ಪರಿಚಯದ್ದು.

ಹಾಡಿನ ವಸ್ತುವೂ ತಣ್ಣಗಿನದಲ್ಲ. ಬುದ್ಧಗಯೆಯ ವಿಹಾರ ಆಗ ಶೈವ ಮಹಂತರೊಬ್ಬರ ಕೈಯಲ್ಲಿತ್ತು. ಲಂಕೆಯ ಅನಾಗಾರಿಕ ಧರ್ಮಪಾಲರು 1891ರಲ್ಲಿ ಅಲ್ಲಿಗೆ ಹೋಗಿ ನೋಡಿ, ಮರುಗಿ, ಅದೇ ವರ್ಷ ಮಹಾಬೋಧಿ ಸೊಸೈಟಿ ಕಟ್ಟಿದರು. ವಿಹಾರವನ್ನು ಬೌದ್ಧರಿಗೆ ಮರಳಿಸಬೇಕೆಂದು ಕೋರ್ಟು ಕಚೇರಿ ಅಲೆದು, 1933ರಲ್ಲಿ ಸಾರನಾಥದಲ್ಲಿ ತೀರಿಕೊಂಡರು. ತಟ್ಟೆ ಬಂದದ್ದು ಅದಾದ ಐದಾರು ವರ್ಷಕ್ಕೆ, ಗಾಯ ಇನ್ನೂ ಹಸಿಯಿದ್ದಾಗ. 1949ರಲ್ಲಿ ಕಾನೂನು ಬಂದು ನಾಲ್ವರು ಹಿಂದೂಗಳು, ನಾಲ್ವರು ಬೌದ್ಧರು ಇರುವ ಸಮಿತಿಗೆ ಆಡಳಿತ ಹೋಯಿತು. ತಕರಾರು ಇಂದಿಗೂ ಮುಗಿದಿಲ್ಲ. ವಿಹಾರ ಯಾರ ಆಸ್ತಿ ಎಂಬ ಜಗಳದ ನಟ್ಟನಡುವೆ, ಅದರ ಮೇಲೆ ಯಾವ ಹಕ್ಕೂ ಇಲ್ಲದ ಒಬ್ಬ ಹುಡುಗಿ ಹಾಡಿದಳು. ಜಗಳಕ್ಕಿಂತ ಹಾಡು ಮನೆಮನೆ ಸೇರಿತು.

ನಮ್ಮ ಅಪ್ಪ ಇಂಥ ಪ್ರಶ್ನೆಗೆ ಸಂತ ಅಗಸ್ಟಿನ್‌ನನ್ನು ಕರೆತರುತ್ತಿದ್ದರು. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ ಡೊನಾಟಿಸ್ಟರೆಂಬ ಪಂಗಡದವರು ಹಟ ಹಿಡಿದಿದ್ದರು: ಹಿಂಸೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥ ಒಪ್ಪಿಸಿದ ಪಾದ್ರಿಗಳು ಅಶುದ್ಧರು, ಅವರು ಕೊಟ್ಟ ದೀಕ್ಷಾಸ್ನಾನ ಸಲ್ಲದು. ಸಲ್ಲುತ್ತದೆ ಎಂದ ಅಗಸ್ಟಿನ್. ದೀಕ್ಷೆ ಕೊಡುವವನು ಕ್ರಿಸ್ತ, ಪಾದ್ರಿ ಅಲ್ಲ. ಕಲ್ಲಿನ ಕಾಲುವೆಯಲ್ಲಿ ಹರಿದ ನೀರು ಕಾಲುವೆಗೆ ಏನೂ ಬೆಳೆಸದಿದ್ದರೂ ತೋಟ ಹಸುರಾಗುತ್ತದೆ. ನನ್ನನ್ನು ಸಭೆಯವರು ಆಡಿಕೊಂಡ ದಿನ ಅಪ್ಪ ಹೇಳಿದ್ದು ಇದನ್ನೇ. “ನೀ ಕಾಲುವೆ ಅವ್ವಾ. ನೀರು ಯಾರದು ಅಂತ ನಿನಗ್ಯಾಕ?” ನನಗೆ ಧೈರ್ಯ ಕೊಡಲು ಹೇಳಿದ್ದು, ಕೊಟ್ಟಿತು ಕೂಡ.

ಆದರೆ ವಯಸ್ಸಾದಂತೆ ಆ ಮಾತು ನನಗೆ ಸಾಲದಾಯಿತು. ಕಾಲುವೆ ಉಸಿರು ಹಿಡಿಯುವುದಿಲ್ಲ. 78ರ ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮಿನಿಟು ಚಿಲ್ಲರೆ ಹಿಡಿಯುತ್ತಿತ್ತು. ಕತ್ತರಿಸುವುದು, ಅಂಟಿಸುವುದು ಇಲ್ಲ, ತಪ್ಪಿದರೆ ಮೊದಲಿಂದ. ಹದಿನಾರರ ಹುಡುಗಿ ಆ ಮೂರು ಮಿನಿಟಿನಲ್ಲಿ ಉಸಿರು ಎಲ್ಲಿ ಕದಿಯಬೇಕು, ಮಾಸ್ತರರ ದನಿಗೆ ಎಲ್ಲಿ ದಾರಿ ಬಿಡಬೇಕು, ಯಾವ ಅಕ್ಷರ ಒತ್ತಬೇಕು ಎಂದು ತೂಗಿ ಹಾಡಿರಬೇಕು. ಆ ಎಚ್ಚರಕ್ಕೆ ಏನು ಹೆಸರು? ಬೌದ್ಧರು ಚೇತನೆಯೇ, ಅಂದರೆ ಮನಸ್ಸಿನ ಸಂಕಲ್ಪವೇ, ಕರ್ಮ ಅನ್ನುತ್ತಾರೆ. ಸಂಕಲ್ಪವೆಂದರೆ ‘ನಾನು ಬುದ್ಧನಿಗೆ ಶರಣು’ ಎಂಬ ಘೋಷಣೆ ಮಾತ್ರ ಯಾಕಾಗಬೇಕು? ಈ ಹಾಡಿಗೆ ಕುಂದು ಬರಬಾರದು, ಇದನ್ನು ನಂಬಿ ಕೇಳುವವರಿಗೆ ಮೋಸವಾಗಬಾರದು ಎಂಬುದೂ ಸಂಕಲ್ಪವೇ. ನಂಬಿಕೆ ಇಲ್ಲದೆ ಹಾಡಿದ್ದು ಸುಳ್ಳಾಗುವುದಿಲ್ಲ. ಅರೆಮನಸ್ಸಿನಿಂದ ಹಾಡಿದ್ದು ಸುಳ್ಳು. ನಂಬಿದವರು ಹಾಡಿದರೂ ಸುಳ್ಳೇ. ನಂಬಿದವರು ಹಾಡಿದ ಎಂಥೆಂಥ ಅಪಸ್ವರದ ಭಜನೆಗಳನ್ನು ಕೇಳಿದ್ದೇನೆ ಎಂದು ಇಲ್ಲಿ ಬರೆಯಲು ಹೋಗುವುದಿಲ್ಲ.

ಅಗಸ್ಟಿನ್ ತಾನೂ ಈ ವಿಷಯದಲ್ಲಿ ನೆಮ್ಮದಿಯಾಗಿರಲಿಲ್ಲ. ತನ್ನ ಆತ್ಮಕಥನದ ಹತ್ತನೆಯ ಭಾಗದಲ್ಲಿ ಚರ್ಚಿನ ಗಾನದ ಬಗ್ಗೆ ಬರೆಯುತ್ತ, ಹಾಡಿದ ವಿಷಯಕ್ಕಿಂತ ಹಾಡಿದ ದನಿಯೇ ತನ್ನನ್ನು ಹೆಚ್ಚು ಕಲಕಿದಾಗ ಪಾಪ ಮಾಡಿದೆ ಅನ್ನಿಸುತ್ತದೆ, ಆಗ ಹಾಡನ್ನೇ ಕೇಳದಿದ್ದರೆ ಚೆನ್ನಿತ್ತು ಅನ್ನಿಸುತ್ತದೆ ಎಂದು ಹೇಳಿಕೊಳ್ಳುತ್ತಾನೆ. ತಾಲಪುಟನಿಗೆ ಬುದ್ಧ ಹೇಳಿದ್ದರ ಪಕ್ಕದ ಮನೆಯ ಮಾತು ಇದು. ಇಬ್ಬರ ಭಯವೂ ನಿಜವಾದದ್ದೇ: ದನಿಗೆ ಸ್ವಂತ ಬಲ ಇದೆ, ಅದು ಧರ್ಮದ ಮಾತು ಕೇಳುವುದಿಲ್ಲ. ಆದರೆ ಲಂಕೆಯ ಹಳೆಯ ಅಟ್ಠಕಥೆಗಳಲ್ಲೇ, ಅಂದರೆ ವ್ಯಾಖ್ಯಾನಗಳಲ್ಲೇ, ಇದಕ್ಕೆ ಎದುರಾದ ಕಥೆಯೊಂದು ಸಿಗುತ್ತದೆ. ಹೊಲ ಕಾಯುವ ಒಬ್ಬ ಹೆಂಗಸು ಹುಟ್ಟು, ಮುಪ್ಪು, ಸಾವಿನ ಮೇಲೆ ಹಾಡಿಕೊಳ್ಳುತ್ತಿದ್ದಳಂತೆ. ದಾರಿಯಲ್ಲಿ ಹೋಗುತ್ತಿದ್ದ ಅರವತ್ತರಷ್ಟು ಭಿಕ್ಷುಗಳು ಅದನ್ನು ಕೇಳಿ ಅರಹಂತರಾದರಂತೆ. ಆ ಹೆಂಗಸಿಗೆ ಏನು ಸಿಕ್ಕಿತು ಎಂದು ಕಥೆ ಹೇಳುವುದಿಲ್ಲ. ಅವಳ ಹೆಸರೂ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ. ಕೇಳಿದ ಅರವತ್ತು ಮಂದಿಯ ಮುಕ್ತಿ ಲೆಕ್ಕಕ್ಕೆ ಸಿಕ್ಕಿತು. ಹಾಡಿದವಳು ಹೊಲದಲ್ಲೇ ಉಳಿದಳು.

ಬೇರೆ ಧರ್ಮದವರ ಕಂಠದಲ್ಲಿ ತಮ್ಮ ದೇವರನ್ನು ಕೇಳುವುದು ಲಂಕೆಯಲ್ಲಿ ಮಾತ್ರವೇ? ಶಬರಿಮಲೆಯಲ್ಲಿ ರಾತ್ರಿ ಬಾಗಿಲು ಹಾಕುವಾಗ ಕೇಳಿಸುವುದು ಕ್ರೈಸ್ತರಾಗಿ ಹುಟ್ಟಿದ ಯೇಸುದಾಸರ ಕಂಠ. ಅವರು ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಎದುರು ಹಾಡುವುದನ್ನು ದಶಕಗಳ ಕಾಲ ನಡೆಸಿದರು. ಕೊಲ್ಲೂರು ಬಾಗಿಲು ತೆರೆದಿತ್ತು, ಗುರುವಾಯೂರು ತೆರೆಯಲಿಲ್ಲ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ‘ವೈಷ್ಣವ ಜನತೋ’ ಹಾಡಿ ಹೆಸರಾದವರು. ಅವರ ದನಿಯನ್ನು ಕೇಳಿ ಮೆಚ್ಚಿದವರಲ್ಲಿ ಎಷ್ಟು ಮಂದಿ ಅವರನ್ನು ಮನೆಯ ಪಡಸಾಲೆಯಲ್ಲಿ ಕೂರಿಸಿ ಊಟ ಹಾಕುತ್ತಿದ್ದರು ಎಂಬುದು ಬೇರೆ ಪ್ರಶ್ನೆ.

ದನಿಯನ್ನು ಒಪ್ಪುವುದು ಸುಲಭ; ದನಿಯ ಹಿಂದಿನ ಮನುಷ್ಯರನ್ನು ಒಪ್ಪುವುದು ಕಷ್ಟ. ಲಂಕೆಯ ಮುಂದಿನ ಇತಿಹಾಸ ಇದನ್ನು ಕೆಟ್ಟದಾಗಿ ತೋರಿಸಿತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು, 1958ರಲ್ಲಿ ತಮಿಳರ ಮೇಲೆ ಗಲಭೆ, 1977ರಲ್ಲಿ ಮತ್ತೆ. ಈ ಎಲ್ಲ ವರ್ಷಗಳಲ್ಲೂ ಹುಟ್ಟಿನಿಂದ ತಮಿಳಳಾದ ರುಕ್ಮಣಿ ದೇವಿ ಸಿಂಹಳರ ಕೋಗಿಲೆ. ಆಕೆ ತೀರಿಕೊಂಡ ಐದು ವರ್ಷಕ್ಕೆ, 1983ರ ಜುಲೈಯಲ್ಲಿ, ಹೆಂದಲದ ವಿಜಯ ಸ್ಟುಡಿಯೋಗೆ ಬೆಂಕಿ ಬಿತ್ತು, ಏಕೆಂದರೆ ಅದರ ಮಾಲೀಕರು ತಮಿಳರು. ಸಿಂಹಳ ಚಿತ್ರಗಳನ್ನು ನಿರ್ದೇಶಿಸುತ್ತಿದ್ದ ಕೆ. ವೆಂಕಟ್ ಅವರನ್ನು ಗುಂಪೊಂದು ಕೊಂದಿತು. ಅವರ ಸಿನಿಮಾ ನೋಡಿ ಸಿಳ್ಳೆ ಹಾಕಿದವರು ಆ ಗುಂಪಿನಲ್ಲಿ ಇರಲಿಲ್ಲವೆಂದು ಹೇಗೆ ಹೇಳುವುದು?

ರುಕ್ಮಣಿ ದೇವಿಯ ಕೊನೆಯ ವರ್ಷಗಳ ಕಥೆಯನ್ನು ಸಿಂಹಳ ಓದುಗರು ನನಗಿಂತ ಚೆನ್ನಾಗಿ ಹೇಳಬಲ್ಲರು. ಚಿತ್ರರಂಗ ಬದಲಾಗಿತ್ತು. 1956ರಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ‘ರೇಖಾವ’ ಚಿತ್ರವನ್ನು ಲಂಕೆಯ ಹಳ್ಳಿಯ ಬಯಲಲ್ಲೇ ತೆಗೆದ ಮೇಲೆ, ಮಧುರೆಯ ಸ್ಟುಡಿಯೋದ ಪರದೆಯ ಮುಂದೆ ನಾಟಕದ ಧಾಟಿಯಲ್ಲಿ ಹಾಡುವ ಕಾಲ ಹಳೆಯದಾಯಿತು. ಪಾತ್ರಗಳು ಕಡಿಮೆಯಾದವು. ಅದೇ ಲೆಸ್ಟರ್ ತಮ್ಮ 1978ರ ‘ಅಹಸಿನ್ ಪೊಳವಟ’ದಲ್ಲಿ ಆಕೆಗೆ ಪಾತ್ರ ಕೊಟ್ಟರು ಎಂಬುದು ಸಮಾಧಾನದ ಸಂಗತಿ. ಹೊಟ್ಟೆಪಾಡಿಗೆ ವೇದಿಕೆಯ ಸಂಗೀತ ಕಾರ್ಯಕ್ರಮಗಳು, ಊರೂರು ಅಲೆದಾಟ. 1978ರ ಅಕ್ಟೋಬರ್ 28ರಂದು, ದಕ್ಷಿಣದ ತುದಿಯ ಮಾತರದಲ್ಲಿ ಕಾರ್ಯಕ್ರಮ ಮುಗಿಸಿ ನೆಗೊಂಬೊದ ಮನೆಗೆ ಹಿಂದಿರುಗುವಾಗ, ಜಾ-ಎಲ ಬಳಿಯ ತುಡೆಲ್ಲದಲ್ಲಿ ವಾಹನ ಅಪಘಾತವಾಗಿ ತೀರಿಕೊಂಡರು. ಐವತ್ತೈದು ವಯಸ್ಸು. ರಾತ್ರಿ ಹಾಡಿ, ದುಡ್ಡು ಎಣಿಸಿಕೊಂಡು, ವಾದ್ಯ ಹೇರಿಕೊಂಡು ಹೊರಟು, ನಿದ್ದೆಗಣ್ಣಿನ ಡ್ರೈವರನ ಪಕ್ಕ ಕೂತು ನಾನು ಮಾಡಿದ ಪ್ರಯಾಣಗಳು ನೆನಪಾಗಿ, ಈ ಸಾಲು ಓದುವಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನಮ್ಮಂಥವರಿ​ಗೆ ಸಾವು ಎಲ್ಲಿ ಕಾದಿರುತ್ತದೆ ಎಂದರೆ ರಂಗದ ಮೇಲಲ್ಲ, ಹೆದ್ದಾರಿಯಲ್ಲಿ.

ಈ ಕಡೆಯಿಂದ ನೋಡಿದರೆ ‘ನಿನಗೆ ಭಕ್ತಿ ಇದೆಯೇ’ ಎಂಬ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಅದನ್ನು ತಬಲದವನಿಗೆ ಕೇಳುವುದಿಲ್ಲ, ಮೈಕಿನವನಿಗೆ ಕೇಳುವುದಿಲ್ಲ, ಪೆಂಡಾಲು ಕಟ್ಟಿದವನಿಗೆ ಕೇಳುವುದಿಲ್ಲ. ಹಾಡುವವಳಿಗೆ ಕೇಳುತ್ತಾರೆ, ಅದೂ ಎರಡು ಸಂದರ್ಭಗಳಲ್ಲಿ. ಅವಳು ಹೊರಗಿನವಳು ಎಂದು ನೆನಪಿಸಬೇಕಾದಾಗ ಒಂದು. ದುಡ್ಡು ಕೊಡುವ ಹೊತ್ತು ಬಂದಾಗ ಇನ್ನೊಂದು. “ದೇವರ ಕೆಲಸ ಐತವ್ವಾ, ಇದಕ್ಕೂ ರೇಟು ಹಚ್ಚತೀಯೇನು?” ಎಂದು ನನಗೆ ಹೇಳಿದವರು ಡೆಕೊರೇಶನ್‌ನವನಿಗೆ ಮುಂಗಡ ಕೊಟ್ಟೇ ಕರೆಸಿರುತ್ತಿದ್ದರು. ಭಕ್ತಿ ಇದೆ ಎಂದರೆ ಪುಕ್ಕಟೆ ಹಾಡಬೇಕು. ಇಲ್ಲ ಎಂದರೆ ಹಾಡಲೇಬಾರದು. ಎರಡರಲ್ಲೂ ಸಂಭಾವನೆ ಉಳಿಯುತ್ತದೆ.

ತಾಲಪುಟನ ಪ್ರಶ್ನೆಗೆ ಬುದ್ಧ ಕೊಟ್ಟ ಉತ್ತರದಲ್ಲಿ ಅಳತೆಗೋಲು ಒಂದೇ: ಕೇಳುವವರ ರಾಗ, ದ್ವೇಷ, ಮೋಹ ಹೆಚ್ಚಿತೋ ಇಲ್ಲವೋ. ಆ ಗೋಲನ್ನೇ ಹಿಡಿದರೂ ರುಕ್ಮಣಿ ದೇವಿ ಗೆಲ್ಲುತ್ತಾರೆ. ಆಕೆಯ ಸಿನಿಮಾಗಳ ಬಗ್ಗೆ ವಾದ ಮಾಡುವವರು ಮಾಡಲಿ. ಮೊದಲ ದಶಕದ ಸಿಂಹಳ ಚಿತ್ರಗಳಲ್ಲಿ ತಮಿಳು, ಹಿಂದಿ ಚಿತ್ರಗಳ ನಕಲು ಬೇಕಾದಷ್ಟಿದೆ, ಅವು ಯಾರ ಮೋಹವನ್ನೂ ಕಡಿಮೆ ಮಾಡಿರಲಾರವು. ಆದರೆ ಬುದ್ಧಗಯೆಯ ಆ ಒಂದು ಹಾಡು ಕೇಳಿ ಯಾರೂ ಯಾರನ್ನೂ ಹೊಡೆಯಲು ಹೊರಡಲಿಲ್ಲ. ಬುದ್ಧನ ಹೆಸರಿನಲ್ಲೇ, ನಂಬಿದ ಬಾಯಿಗಳಿಂದಲೇ ಹೊರಟ ಎಷ್ಟೋ ಭಾಷಣಗಳ ಬಗ್ಗೆ ಅಷ್ಟು ಹೇಳಲಾಗದು.

ಆಕೆ ಒಳಗೊಳಗೇ ಬೌದ್ಧಳಾಗಿದ್ದಳು ಎಂದು ತೋರಿಸಲು ಹೊರಡುವ ಅಭಿಮಾನಿಗಳ ಪ್ರೀತಿಯನ್ನು ನಾನು ಒಪ್ಪುತ್ತೇನೆ, ಮಾತನ್ನು ಒಪ್ಪುವುದಿಲ್ಲ. ಆಕೆ ಕ್ರೈಸ್ತಳಾಗಿ ಹುಟ್ಟಿದರು, ಕ್ರೈಸ್ತನನ್ನು ಮದುವೆಯಾದರು, ನೆಗೊಂಬೊದ ಸ್ಮಶಾನದಲ್ಲಿ ಮಣ್ಣಾದರು. ಹಾಡು ಬೌದ್ಧರದು, ದುಡಿಮೆ ಆಕೆಯದು. ದುಡಿಮೆಗೆ ಧರ್ಮಾಂತರದ ಅಗತ್ಯವಿಲ್ಲ.

ಇನ್ನು ನಮ್ಮೂರ ಉತ್ಸವ ಸಮಿತಿಯ ಹಿರಿಯರಿಗೆ ಒಂದು ಅರಿಕೆ. ಚೌತಿ ಬರುತ್ತಿದೆ. ಹಾಡಲು ಬರುವ ಹುಡುಗಿಯರಲ್ಲಿ ಸಲ್ಮಾ ಇರಬಹುದು, ಸ್ಟೆಲ್ಲಾ ಇರಬಹುದು, ಸರೋಜಾ ಇರಬಹುದು. ಮನೆಯಲ್ಲಿ ಯಾವ ದೇವರನ್ನು ಇಟ್ಟಿದ್ದಾರೆ ಎಂದು ಕೇಳಬೇಡಿ. ಪ್ರಚಾರದ ಹಾಳೆಯಲ್ಲಿ ಹೆಸರನ್ನು ಇದ್ದ ಹಾಗೆಯೇ ಅಚ್ಚು ಹಾಕಿಸಿ, ಒಪ್ಪಿಕೊಂಡ ಹಣವನ್ನು ಹಾಡು ಮುಗಿದ ರಾತ್ರಿಯೇ ಕೈಗೆ ಕೊಡಿ, ರಾತ್ರಿ ಪ್ರಯಾಣ ಮಾಡಿಸದೆ ಮಲಗಲು ಒಂದು ಕೋಣೆ ಕೊಡಿಸಿ.